ಮುಟ್ಟು ನಿಲ್ಲುವ ಕಾಲ: ಸಹನೆಯೂ ಔಷಧವೂ

ಸತತ ಹನ್ನೆರಡು ತಿಂಗಳು ಮುಟ್ಟು ಕಾಣದಿದ್ದರೆ ಅದನ್ನು ಋತುಬಂಧ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46–47ನೆಯ ವಯಸ್ಸಿಗೆ ಬರುತ್ತದೆ. ಯುರೋಪು, ಅಮೆರಿಕಗಳಲ್ಲಿ 51ರ ಆಸುಪಾಸು. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಉತ್ಪತ್ತಿ ಇಳಿಯುತ್ತ ಹೋಗುವುದೇ ಕಾರಣ. ಮುಟ್ಟು ಪೂರ್ತಿ ನಿಲ್ಲುವ ಮೊದಲು ಕೆಲವು ವರ್ಷ ಅದು ಹಿಂದುಮುಂದಾಗುತ್ತದೆ. ಎದೆ, ಕುತ್ತಿಗೆ, ಮುಖಕ್ಕೆ ಇದ್ದಕ್ಕಿದ್ದಂತೆ ಝಳ ಏರಿ ಬೆವರು ಸುರಿಯುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ, ಯೋನಿಯಲ್ಲಿ ಒಣಗಿದ ಉರಿ ಕಾಣುತ್ತದೆ, ಸಣ್ಣ ಮಾತಿಗೂ ಮನಸ್ಸು ಕದಡುತ್ತದೆ. ಹೊರಗೆ ಕಾಣದಂತೆ ಮೂಳೆಯೂ ಸವೆಯತೊಡಗುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಇಷ್ಟನ್ನೂ ‘ಮೈ ಉಷ್ಣ’ ಎಂಬ ಒಂದೇ ಮಾತಿಗೆ ಇಳಿಸಿ, ಮಜ್ಜಿಗೆ ಕುಡಿದು ಸುಮ್ಮನಾಗುವುದು ರೂಢಿ.

ಕೊರತೆಯಾದ ಹಾರ್ಮೋನನ್ನು ಮಾತ್ರೆ, ಜೆಲ್ ಅಥವಾ ಚರ್ಮದ ಪಟ್ಟಿಯ ಮೂಲಕ ಹೊರಗಿನಿಂದ ಕೊಡುವುದು ಹಾರ್ಮೋನು ಚಿಕಿತ್ಸೆ. ಝಳಕ್ಕೆ ಇದರಷ್ಟು ಪರಿಣಾಮಕಾರಿಯಾದ ಔಷಧ ಬೇರೆ ಇಲ್ಲ. ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬುದು ಮೇಲ್ನೋಟಕ್ಕೆ ಆಸ್ಪತ್ರೆಯ ಪ್ರಶ್ನೆ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಕ್ಷೇತ್ರಗಳ ಸುತ್ತ ಬಾಳುವ ಹೆಂಗಸರು ಇದನ್ನು ತೂಗುವುದು ಕಾಲಧರ್ಮ, ಪ್ರಾರಬ್ಧ, ತಾಳ್ಮೆ, ಮಡಿ ಎಂಬ ಮಾತುಗಳಲ್ಲಿ. ಹಾಗಾಗಿ ಮೂರು ಧರ್ಮಪ್ರಶ್ನೆಗಳು ಏಳುತ್ತವೆ. ಕಾಲ ತಂದದ್ದನ್ನು ಔಷಧದಿಂದ ತಿದ್ದಬಹುದೆ? ನೋವನ್ನು ನುಂಗಿಕೊಂಡಿರುವುದು ಪುಣ್ಯವೆ? ಕೊನೆಯ ತೀರ್ಮಾನ ಯಾರದು?

ಕಾಲಧರ್ಮ ಮತ್ತು ಅಕಾಲ

ಮೊದಲನೆಯ ಪ್ರಶ್ನೆಯನ್ನು ಪ್ರಾಚೀನ ವೈದ್ಯರೂ ಎತ್ತಿದ್ದಾರೆ. ಮುಟ್ಟು ಹನ್ನೆರಡರ ವಯಸ್ಸಿಗೆ ತೊಡಗಿ ಐವತ್ತಕ್ಕೆ ನಿಲ್ಲುತ್ತದೆಂದು ಸುಶ್ರುತ ಸಂಹಿತೆ ಹೇಳುತ್ತದೆ. ನಿಲ್ಲುವುದನ್ನು ರೋಗವೆಂದು ಕರೆಯುವುದಿಲ್ಲ. ಹಸಿವು, ಬಾಯಾರಿಕೆ, ಮುಪ್ಪು, ಸಾವುಗಳನ್ನು ಅದು ಸ್ವಭಾವದಿಂದಲೇ ಬರುವ ಬಾಧೆಗಳ ಗುಂಪಿನಲ್ಲಿ ಇಟ್ಟಿದೆ. ಆ ಗುಂಪಿನೊಳಗೂ ಎರಡು ಬಗೆ ಮಾಡುತ್ತದೆ: ಮೈಯನ್ನು ಸರಿಯಾಗಿ ಕಾಪಾಡಿಕೊಂಡಾಗಲೂ ತಕ್ಕ ಕಾಲಕ್ಕೆ ಬರುವುದು ಒಂದು, ಕಾಪಾಡಿಕೊಳ್ಳದೆ ಅಕಾಲದಲ್ಲಿ ಬರುವುದು ಇನ್ನೊಂದು. ಸ್ವಾಭಾವಿಕ ಎಂದಮಾತ್ರಕ್ಕೆ ಆರೈಕೆ ಬೇಡವೆಂದು ಅರ್ಥವಲ್ಲ. ಹಸಿವೂ ಸ್ವಾಭಾವಿಕವೇ, ಅದಕ್ಕೆ ಅನ್ನ ಬೇಕು.

ಇಪ್ಪತ್ತನೆಯ ಶತಮಾನದ ಪಶ್ಚಿಮ ಇದಕ್ಕೆ ವಿರುದ್ಧದ ತುದಿಗೆ ಹೋಗಿತ್ತು. 1966ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಪುಸ್ತಕದಲ್ಲಿ ಋತುಬಂಧವನ್ನೇ ಕೊರತೆಯ ರೋಗವೆಂದು ಸಾರಿ, ಈಸ್ಟ್ರೋಜನ್ ತೆಗೆದುಕೊಂಡರೆ ಯೌವನ ಉಳಿಯುತ್ತದೆಂಬ ಆಸೆ ಹುಟ್ಟಿಸಿದ. ಮಾತ್ರೆಯ ಮಾರಾಟ ಏರಿತು. ಒಂಟಿ ಈಸ್ಟ್ರೋಜನ್ ಗರ್ಭಕೋಶದ ಒಳಪೊರೆಯ ಕ್ಯಾನ್ಸರನ್ನು ಹೆಚ್ಚಿಸುತ್ತದೆಂದು 1975ರಲ್ಲಿ ಅಧ್ಯಯನಗಳು ತೋರಿಸಿದವು. ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನೂ ಕೊಡಲೇಬೇಕೆಂಬ ನಿಯಮ ಬಂದದ್ದು ಅದರಿಂದ. ಮುಪ್ಪನ್ನೇ ಗೆಲ್ಲುವ ಹಟ ಒಂದು ತಪ್ಪಾದರೆ, ಮುಪ್ಪಿನ ಜೊತೆ ಬರುವ ಬಾಧೆಗೆ ಚಿಕಿತ್ಸೆಯೇ ಬೇಡವೆನ್ನುವುದು ಮತ್ತೊಂದು.

ಕಾಲ ಮತ್ತು ಅಕಾಲದ ಭೇದ ಕರ್ನಾಟಕದಲ್ಲಿ ಪುಸ್ತಕದ ಮಾತಾಗಿ ಉಳಿದಿಲ್ಲ. ಅತಿಸ್ರಾವ, ಬಿಳಿಸೆರಗು, ಸೊಂಟನೋವು ಎಂದು ಹೋದವರಿಗೂ ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ ಸಿಗುವುದುಂಟು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಹೀಗೆ ಬೇಡದ ಶಸ್ತ್ರಚಿಕಿತ್ಸೆಗಳಾದವೆಂಬ ದೂರು ರಾಜ್ಯದ ಗಮನ ಸೆಳೆದಿತ್ತು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಜಾರಿಗೊಳಿಸಲು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧ ಮರುದಿನವೇ ಎರಗುತ್ತದೆ. ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಹೀಗಾದವರಿಗೆ ಮೂಳೆ ಸವೆತ, ಹೃದ್ರೋಗಗಳ ಅಪಾಯ ಹೆಚ್ಚು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ಇಂದಿನ ವೈದ್ಯಕೀಯ ನಿಲುವು. ಅಂಥವಳಿಗೆ ‘ಎಲ್ಲರಿಗೂ ಬರೋದೇ ಅಲ್ವಾ’ ಎಂದು ಹೇಳುವುದು ಕಾಲಧರ್ಮದ ಮಾತಲ್ಲ. ಕಾಲ ಇನ್ನೂ ಕಸಿಯದಿದ್ದುದನ್ನು ಚಾಕು ಕಸಿದಿದೆ. ಚಿಕಿತ್ಸೆ ಅದನ್ನು ಮರಳಿ ತುಂಬುತ್ತದೆ, ಅಷ್ಟೆ.

ಸಂಕಲ್ಪವಿಲ್ಲದ ಸಹನೆ

ನಂಜನಗೂಡಿನ ಶ್ರೀಕಂಠೇಶ್ವರ ವಿಷವುಂಡ ದೇವರು. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಶಿವ ಕುಡಿದ ಕಥೆಯನ್ನು ಮನೆಯ ಹಿರಿಯರು ತಾಳ್ಮೆಗೆ ನಿದರ್ಶನವಾಗಿ ಹೇಳುವುದುಂಟು: ಹೆಣ್ಣುಜನ್ಮ, ನುಂಗಿಕೊಂಡು ಇರಬೇಕು. ಆದರೆ ಕಥೆಯನ್ನು ಪೂರ್ತಿ ನೋಡಿದರೆ ಆ ನೀತಿ ಹೊರಡುವುದಿಲ್ಲ. ಶಿವ ಅದು ವಿಷವೆಂದು ತಿಳಿದೇ ಕುಡಿದ; ಲೋಕವನ್ನು ಉಳಿಸಲೆಂದು ಕುಡಿದ. ಪಾರ್ವತಿ ನೋಡುತ್ತ ನಿಲ್ಲಲಿಲ್ಲ, ಗಂಟಲು ಹಿಡಿದು ವಿಷ ಕೆಳಗಿಳಿಯದಂತೆ ತಡೆದಳು. ಇದೇ ದೇವರು ತನ್ನ ಆನೆಯ ಕಣ್ಣು ವಾಸಿ ಮಾಡಿದನೆಂದು ನಂಬಿದ ಟಿಪ್ಪು ಸುಲ್ತಾನ್ ಅವನನ್ನು ‘ಹಕೀಂ ನಂಜುಂಡ’ ಎಂದು ಕರೆದು ಮರಕತದ ಲಿಂಗವನ್ನು ಅರ್ಪಿಸಿದ ಎಂಬುದು ಊರಿನ ಐತಿಹ್ಯ. ತಾಳುವವನನ್ನೂ ವಾಸಿಮಾಡುವವನನ್ನೂ ಈ ಕ್ಷೇತ್ರ ಒಂದೇ ದೇವರಲ್ಲಿ ಕಂಡಿದೆ.

ಇಲ್ಲಿನ ಉರುಳುಸೇವೆಯನ್ನು ಹತ್ತಿರದಿಂದ ನೋಡಿದರೆ ಸಹನೆಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಹರಕೆ ಹೊತ್ತವರು ಕಪಿಲೆಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲೇ ಬಂದು ದೇವಾಲಯದ ಸುತ್ತ ಉರುಳುತ್ತಾರೆ. ಮೊಣಕೈ ತರಚುತ್ತದೆ, ತಲೆ ಸುತ್ತುತ್ತದೆ, ಜೊತೆಗೆ ಬಂದವರು ಸೀರೆ ಸರಿಪಡಿಸುತ್ತ, ದಾರಿ ಬಿಡಿಸುತ್ತ ನಡೆಯುತ್ತಾರೆ. ಆ ನೋವಿಗೆ ಒಂದು ಉದ್ದೇಶವಿದೆ, ಮೊದಲು ಕೊನೆಗಳಿವೆ, ಹೊತ್ತವರ ಒಪ್ಪಿಗೆಯಿದೆ. ಸಂಕಲ್ಪ ಮಾಡದ ಕರ್ಮಕ್ಕೆ ಫಲವಿಲ್ಲವೆಂದು ವೈದಿಕ ಸಂಪ್ರದಾಯವೇ ಹೇಳುತ್ತದೆ. ಔಷಧವೊಂದಿದೆ ಎಂದೇ ತಿಳಿಯದೆ ವರ್ಷಗಟ್ಟಲೆ ರಾತ್ರಿ ಎದ್ದು ಕೂರುವ ಹೆಂಗಸಿನ ಸಹನೆಗೆ ಸಂಕಲ್ಪವೆಲ್ಲಿದೆ? ಅವಳು ಆ ನೋವನ್ನು ಆರಿಸಿಕೊಂಡದ್ದಲ್ಲ. ಬೇರೆ ದಾರಿ ಇದೆಯೆಂದು ಯಾರೂ ಹೇಳಲಿಲ್ಲ, ಅಷ್ಟೆ. ಎಲ್ಲ ತಿಳಿದ ಮೇಲೂ ಔಷಧ ಬೇಡ, ಹೀಗೇ ಕಳೆಯುತ್ತೇನೆ ಎಂದರೆ ಅದು ವ್ರತ. ಹಾರ್ಮೋನು ಚಿಕಿತ್ಸೆಯ ಧರ್ಮವಿಚಾರ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಪ್ರಾರಬ್ಧದ ವಾದಕ್ಕೂ ಉತ್ತರವಿದೆ. ಆಯುಷ್ಯ ಮೊದಲೇ ನಿಗದಿಯಾಗಿದೆಯೇ ಎಂದು ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ. ದೈವವೂ ಪುರುಷಕಾರವೂ, ಅಂದರೆ ಹಿಂದಿನ ಕರ್ಮವೂ ಈಗಿನ ಪ್ರಯತ್ನವೂ, ಸೇರಿ ಅದನ್ನು ನಿರ್ಧರಿಸುತ್ತವೆ ಎಂಬುದು ಆತ್ರೇಯನ ಉತ್ತರ. ಎಲ್ಲವೂ ನಿಗದಿಯಾಗಿದ್ದರೆ ಮಂತ್ರ, ಮಣಿ, ಔಷಧ, ಬಲಿ, ಹೋಮಗಳನ್ನು ಯಾರೂ ಅರಸುತ್ತಿರಲಿಲ್ಲ ಎಂದೂ ಅವನು ಸೇರಿಸುತ್ತಾನೆ. ಹರಕೆ ಹೊರುವವರೇ ಪ್ರಯತ್ನವನ್ನು ಒಪ್ಪಿದವರು. ದೇವರ ಮೇಲೆ ಭಾರ ಹಾಕಿ ಔಷಧಿ ಕೊಡಿ ಎಂದು ಹಳ್ಳಿಯವರು ಡಾಕ್ಟರಿಗೆ ಹೇಳುವ ಮಾತಿನಲ್ಲಿ ದೈವ, ಪುರುಷಕಾರ ಎರಡೂ ಇವೆ.

ಮಡಿ, ಮುಟ್ಟು, ಮಾತ್ರೆ

ಮುಟ್ಟು ನಿಲ್ಲುವುದು ಧಾರ್ಮಿಕ ಬದುಕಿನಲ್ಲಿ ಒಂದು ಬಿಡುಗಡೆಯೂ ಹೌದು. ಮಡಿ ಪಾಲಿಸುವ ಮನೆಗಳಲ್ಲಿ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದವಳಿಗೆ ಅಡುಗೆಮನೆ, ದೇವರಮನೆ ಎಂದೂ ತೆರೆದಿರುತ್ತವೆ. ಗಣೇಶ ಚೌತಿಯ ಮರುದಿನ ಬರುವ ಋಷಿಪಂಚಮಿಯ ವ್ರತ, ಮುಟ್ಟಿನ ದಿನಗಳಲ್ಲಿ ತಿಳಿಯದೆ ಆದ ದೋಷಗಳ ಪರಿಹಾರಕ್ಕೆಂದೇ ಇರುವುದು. ಮುಟ್ಟು ನಿಂತ ಹೆಂಗಸರು ಅದನ್ನು ಮಾಡಿ ಉದ್ಯಾಪನೆ ಮಾಡುವ ಪದ್ಧತಿಯಿದೆ. ಶಬರಿಮಲೆಯಲ್ಲಿ 10ರಿಂದ 50 ವರ್ಷದ ಹೆಂಗಸರಿಗಿದ್ದ ನಿಷೇಧವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 28ರಂದು ತೆಗೆದುಹಾಕಿದಾಗ ಎದ್ದ ವಿವಾದಕ್ಕೂ ಮುಟ್ಟಾಗುವವರು, ಮುಟ್ಟು ನಿಂತವರು ಎಂಬ ಇದೇ ಗೆರೆ ಆಧಾರ.

ಈ ಗೆರೆಯನ್ನೇ ಒಪ್ಪದ ಪರಂಪರೆಯೂ ಇದೇ ನೆಲದಲ್ಲಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರು, ಕಪಿಲಾ ತೀರದ ವೀರಸಿಂಹಾಸನ ಮಠದ ಊರು. ಆ ಮಠ ಸೇರಿದ ವೀರಶೈವ ಪರಂಪರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ನಿರಾಕರಿಸುತ್ತದೆ. ಲಿಂಗ ಕಟ್ಟಿದ ಮೈಗೆ ಮುಟ್ಟಿನಿಂದ ಮೈಲಿಗೆಯಿಲ್ಲ ಎಂದಾದ ಮೇಲೆ ಮುಟ್ಟು ನಿಂತದ್ದರಿಂದ ಹೊಸ ಶುದ್ಧಿಯೂ ಬರುವುದಿಲ್ಲ. ರೂಢಿಯಲ್ಲಿ ಈ ತತ್ತ್ವ ಎಲ್ಲ ಮನೆಗಳಲ್ಲೂ ನಡೆದುಕೊಂಡು ಬಂದಿದೆ ಎನ್ನಲಾಗದು. ಆದರೂ ಮೈಯ ಧರ್ಮಕ್ಕೆ ಪಾಪಪುಣ್ಯವನ್ನು ಅಂಟಿಸದ ನೋಟವೊಂದು ಎಂಟುನೂರು ವರ್ಷಗಳಿಂದ ಕನ್ನಡದಲ್ಲಿದೆ.

ಮಡಿಯ ಕಾರಣಕ್ಕೇ ಹಾರ್ಮೋನು ಮಾತ್ರೆ ಎಷ್ಟೋ ಮನೆಗಳನ್ನು ಮೊದಲೇ ಹೊಕ್ಕಿದೆ. ಜಾತ್ರೆ, ಗೃಹಪ್ರವೇಶ, ಮಗಳ ಮದುವೆ ಹತ್ತಿರ ಬಂದಾಗ ಮೆಡಿಕಲ್ ಸ್ಟೋರಿನಲ್ಲಿ ‘ಮುಂದೂಡುವ ಮಾತ್ರೆ’ ಕೇಳಿ ತರುವುದು ಸಾಮಾನ್ಯ. ಅದು ನಾರೆಥಿಸ್ಟರೋನ್, 5 ಮಿಲಿಗ್ರಾಂ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರುಮಾಡಿ ದಿನಕ್ಕೆ ಮೂರರಂತೆ ನುಂಗಬೇಕು, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಇದೂ ಹಾರ್ಮೋನೇ. ಇದರ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜನ್ ಜಾತಿಯ ವಸ್ತುವಾಗಿ ಬದಲಾಗುವುದರಿಂದ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅಪಾಯ. ದೇವರಕಾರ್ಯಕ್ಕೆಂದು ವೈದ್ಯರನ್ನೂ ಕೇಳದೆ ಇದನ್ನು ನುಂಗುವ ಸಮಾಜ, ತನ್ನ ನಿದ್ದೆಗಾಗಿ ಹೆಂಗಸೊಬ್ಬಳು ವೈದ್ಯರ ನಿಗಾದಲ್ಲಿ ಹಾರ್ಮೋನು ತೆಗೆದುಕೊಂಡರೆ ಅದನ್ನು ಪ್ರಕೃತಿಗೆ ವಿರುದ್ಧ ಎನ್ನುತ್ತದೆ. ಈ ಎರಡು ನಿಲುವು ಒಟ್ಟಿಗೆ ನಿಲ್ಲಲಾರವು.

ವೈದ್ಯರು ಮುಂಚಿತವಾಗಿ ಹೇಳಬೇಕಾದ ಸಂಗತಿಯೊಂದಿದೆ. ಪ್ರೊಜೆಸ್ಟರಾನನ್ನು ತಿಂಗಳಲ್ಲಿ ಕೆಲವೇ ದಿನ ಕೊಡುವ ಕ್ರಮದಲ್ಲಿ ಪ್ರತಿ ತಿಂಗಳೂ ರಕ್ತಸ್ರಾವ ಮರಳಬಹುದು; ಎರಡೂ ಹಾರ್ಮೋನನ್ನು ದಿನವೂ ಕೊಡುವ ಕ್ರಮದಲ್ಲಿ ಮೊದಲ ಕೆಲವು ತಿಂಗಳಾದ ಮೇಲೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಉದ್ಯಾಪನೆ ಮುಗಿಸಿದವಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿದರೆ ಅವಳು ಮಾತ್ರೆಯನ್ನೇ ಬಿಡುತ್ತಾಳೆ.

ಇನ್ನೂ ಮುಖ್ಯವಾದದ್ದು ಮುಟ್ಟು ನಿಂತು ವರ್ಷ ಕಳೆದ ಮೇಲೆ ತಾನಾಗಿ ಕಾಣುವ ರಕ್ತ. ನಿಂತು ಎಷ್ಟು ದಿನವಾಯಿತೆಂದು ಕೇಳಿದರೆ, ‘ಎರಡು ವರ್ಸ ಆಯ್ತು ಡಾಕ್ಟ್ರೇ, ಹೋದ ತಿಂಗಳು ಒಂಚೂರು ಕಾಣಿಸ್ಕೊಂಡು ಹೋಯ್ತು’ ಎಂಬ ಉತ್ತರ ಬರುವುದುಂಟು. ಎರಡನೆಯ ಅರ್ಧವನ್ನು ನಾಚಿಕೆಯಿಂದ ನುಂಗಿದರೆ ಗರ್ಭಕೋಶದ ಕ್ಯಾನ್ಸರೊಂದು ತಪ್ಪಿಸಿಕೊಳ್ಳಬಹುದು. ಇಂಥ ರಕ್ತ ಹನಿಯಷ್ಟಿದ್ದರೂ ಪರೀಕ್ಷೆಯಾಗಬೇಕು. ರೋಗದಿಂದ ಕಾಣುವ ಸ್ರಾವವನ್ನು ಋತುಸ್ರಾವದಿಂದ ಬೇರೆ ಮಾಡಿ, ಅದರಿಂದ ಅಶುಚಿಯಿಲ್ಲ ಎನ್ನುವ ಮಾತು ಪರಾಶರ ಸ್ಮೃತಿಯಲ್ಲೂ ಇದೆ. ಮಡಿಯ ಹೆಸರಿನಲ್ಲಿ ಅದನ್ನು ಮುಚ್ಚಿಡುವುದಕ್ಕೆ ಶಾಸ್ತ್ರದ ಬೆಂಬಲವೂ ಸಿಗದು.

ಗುಲಗಂಜಿಯ ತೂಕ

ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳು ಕೂಡುತ್ತವೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಬೀಜ ಗ್ರಾಮಿನ ಎಂಟನೆಯ ಒಂದು ಭಾಗದಷ್ಟೇ ಭಾರ. ಹಾರ್ಮೋನು ಚಿಕಿತ್ಸೆಯ ಲಾಭ ನಷ್ಟವನ್ನು ನೋಡುವುದಕ್ಕೂ ಅಂಥ ಸೂಕ್ಷ್ಮದ ತಕ್ಕಡಿ ಬೇಕು.

ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿ ಎರಡೂ ಹಾರ್ಮೋನು ಸೇರಿದ ಮಾತ್ರೆಯನ್ನು ಪರೀಕ್ಷಿಸಿದ ಭಾಗದಲ್ಲಿ 16,608 ಹೆಂಗಸರಿದ್ದರು. 2002ರ ಜುಲೈನಲ್ಲಿ ಅದನ್ನು ನಡುವೆಯೇ ನಿಲ್ಲಿಸಿದಾಗ, ಈ ಮಾತ್ರೆಯಿಂದ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚುತ್ತದೆಂಬ ಸುದ್ದಿ ಲೋಕವನ್ನೇ ಹೆದರಿಸಿತು. ಅದೇ ಲೆಕ್ಕವನ್ನು ಬಿಡಿಸಿ ನೋಡಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ ಮಾತ್ರೆಯಿಲ್ಲದೆ 30 ಮಂದಿಗೆ ಬರುತ್ತಿದ್ದದ್ದು ಮಾತ್ರೆಯಿಂದ 38 ಮಂದಿಗೆ ಬಂತು. ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ಹೆಪ್ಪು 8, ಹೃದಯಾಘಾತ ಮೊದಲಾದವು 7 ಹೆಚ್ಚಾದವು. ದೊಡ್ಡ ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆಮುರಿತ 5 ಕಡಿಮೆಯಾದವು. ಪಾಲ್ಗೊಂಡವರ ಸರಾಸರಿ ವಯಸ್ಸು 63. ಝಳದಿಂದ ಬಳಲುವ ಐವತ್ತರ ಹೆಂಗಸಿನ ಸ್ಥಿತಿ ಬೇರೆ. ಗರ್ಭಕೋಶವಿಲ್ಲದವರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಅರವತ್ತರ ಒಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದ ಆರೋಗ್ಯವಂತರಲ್ಲಿ ಲಾಭದ ತಟ್ಟೆ ತೂಗುತ್ತದೆಂಬುದು ಈಗಿನ ತಿಳಿವಳಿಕೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿನ ಕಟ್ಟೆಚ್ಚರಿಕೆಯನ್ನು ಬಹುಪಾಲು ತೆಗೆಯುವುದಾಗಿ ಪ್ರಕಟಿಸಿತು.

ತಕ್ಕಡಿಯ ಇನ್ನೊಂದು ತಟ್ಟೆಯೂ ಖಾಲಿಯಲ್ಲ. ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಹೃದಯಾಘಾತ, ಪಾರ್ಶ್ವವಾಯು ಅಥವಾ ಕಾಲಿನ ರಕ್ತನಾಳದ ಹೆಪ್ಪು ಕಂಡವರು, ಯಕೃತ್ತಿನ ರೋಗ ತೀವ್ರವಾಗಿರುವವರು ಇದನ್ನು ತೆಗೆದುಕೊಳ್ಳಬಾರದು. ಚರ್ಮದ ಮೂಲಕ ಕೊಡುವ ಜೆಲ್, ಪಟ್ಟಿಗಳಲ್ಲಿ ಹೆಪ್ಪಿನ ಅಪಾಯ ಮಾತ್ರೆಗಿಂತ ಕಡಿಮೆ. ಒಣಗಿದ ಉರಿಯಷ್ಟೇ ತೊಂದರೆಯಾದರೆ ಯೋನಿಗೆ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಸಾಕು. ಹಾರ್ಮೋನೇ ಬೇಡವೆನ್ನುವವರಿಗೆ ಝಳ ತಗ್ಗಿಸುವ ಬೇರೆ ಮಾತ್ರೆಗಳೂ ಮನೋಚಿಕಿತ್ಸೆಯ ಕ್ರಮಗಳೂ ಇವೆ.

ಗಿಡಮೂಲಿಕೆಯಾದರೆ ಅಪಾಯವಿಲ್ಲ ಎಂಬ ನಂಬಿಕೆಯನ್ನೂ ತೂಗಿ ನೋಡಬೇಕು. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದು ಹಲ್ಲುಪುಡಿಯಿಂದ ಮನೆಮಾತಾದ ನಂಜನಗೂಡಿನಲ್ಲಿ ಆಯುರ್ವೇದದ ಮೇಲೆ ಆದರ ಸಹಜ. ಆದರೆ ಯುಕ್ತಿಯಿಂದ ಬಳಸಿದರೆ ವಿಷವೂ ಔಷಧ, ಯುಕ್ತಿ ತಪ್ಪಿದರೆ ಔಷಧವೂ ವಿಷ ಎಂದವರು ಚರಕರೇ. ಗುಲಗಂಜಿಯೇ ಒಳಗೆ ಕಡುವಿಷದ ಬೀಜ.

ಔಷಧದ ಮೂಲ

ಸಸ್ಯಾಹಾರ, ಅಹಿಂಸೆಗಳನ್ನು ಪಾಲಿಸುವವರಿಗೆ ಮತ್ತೊಂದು ಪ್ರಶ್ನೆಯಿದೆ. 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪ್ರೆಮರಿನ್ ಮಾತ್ರೆಯ ಈಸ್ಟ್ರೋಜನ್ ಬಸಿರಿ ಕುದುರೆಗಳ ಮೂತ್ರದಿಂದ ತೆಗೆದದ್ದು; 2002ರ ಅಧ್ಯಯನದಲ್ಲಿ ಬಳಸಿದ್ದೂ ಇಂಥದ್ದೇ. ಹೆಚ್ಚು ಬಳಕೆಯ ಎಸ್ಟ್ರಾಡಯಾಲ್ ಎಂಬ ಈಸ್ಟ್ರೋಜನನ್ನು ಗೆಣಸಿನ ಜಾತಿಯ ಗಡ್ಡೆ, ಸೋಯಾಗಳ ಸಾರದಿಂದ ತಯಾರಿಸುತ್ತಾರೆ. ಪ್ರೊಜೆಸ್ಟರಾನ್ ಕ್ಯಾಪ್ಸೂಲಿನ ಹೊದಿಕೆ ಹಲವು ವೇಳೆ ಪ್ರಾಣಿಮೂಲದ ಜೆಲಟಿನ್. ಲಾಭ ನಷ್ಟದ ಲೆಕ್ಕದಲ್ಲಿ ಇದು ಬರುವುದಿಲ್ಲ; ಆದರೂ ವ್ರತಸ್ಥೆಗೆ ಇದು ತಿಳಿದಿರಬೇಕಾದ ಸಂಗತಿಯೇ. ಕೇಳಿದರೆ ಬೇರೆ ರೂಪದ ಔಷಧ ಸಿಗುವ ಸಾಧ್ಯತೆ ಹೆಚ್ಚು, ಕೇಳುವ ಸಂಕೋಚವೇ ಅಡ್ಡಿ.

ತೀರ್ಮಾನ ಯಾರದು

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲ ಜ್ಞಾನವನ್ನೂ ಹೇಳಿ ಮುಗಿಸುತ್ತ ಬಂದ ಕೃಷ್ಣ, ಇದನ್ನೆಲ್ಲ ಪೂರ್ತಿ ವಿಚಾರಮಾಡಿ ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ. ಹೇಳುವವನು ದೇವರೇ ಆದರೂ ಹೇಳಬೇಕಾದ್ದನ್ನು ಮುಚ್ಚಿಡಲಿಲ್ಲ, ಕೇಳುವವನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಲೂ ಇಲ್ಲ. ವೈದ್ಯನನ್ನು ನಾರಾಯಣನೆಂದು ಕಾಣುವ ಸಮಾಜ ವೈದ್ಯನಿಂದ ಇಷ್ಟನ್ನಾದರೂ ಕೇಳಬಹುದು.

ಕಾನೂನಿನ ನಿಲುವೂ ಇದೇ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 44 ವರ್ಷದ ಹೆಂಗಸು ಅತಿಸ್ರಾವದ ಕಾರಣ ಪತ್ತೆಗೆಂದು ಅರಿವಳಿಕೆಗೆ ಒಪ್ಪಿದ್ದರು. ಅವರಿಗೆ ಪ್ರಜ್ಞೆ ಇಲ್ಲದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಪ್ರಾಣಾಪಾಯವಿಲ್ಲದಿದ್ದಾಗ ಪ್ರಾಯಕ್ಕೆ ಬಂದ ಹೆಂಗಸಿನ ಪರವಾಗಿ ಹೆತ್ತವಳೂ ಒಪ್ಪಿಗೆ ಕೊಡಲಾರಳೆಂದು ಸುಪ್ರೀಂ ಕೋರ್ಟು 2008ರ ಜನವರಿ 16ರಂದು ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ದಾರಿಗಳು, ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಿರಬೇಕು ಎಂದೂ ಹೇಳಿತು. ಹಳ್ಳಿಯ ಮನೆಗಳಲ್ಲಿ ‘ಯಜಮಾನ್ರನ್ನ ಕೇಳಿ ಹೇಳ್ತೀನಿ’ ಎನ್ನುವ ವಾಡಿಕೆಯಲ್ಲಿ ತಪ್ಪಿಲ್ಲ. ಮನೆಯವರ ಸಲಹೆ ಬೇರೆ, ಅವರ ಅಪ್ಪಣೆ ಬೇರೆ.

ನಂಜನಗೂಡು, ನರಸೀಪುರ ಎರಡೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ನಂಜನಗೂಡಿನಿಂದ ಸುಮಾರು 25, ನರಸೀಪುರದಿಂದ ಸುಮಾರು 30 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಚೆಲುವಾಂಬ, ಜೆಎಸ್ಎಸ್ ಆಸ್ಪತ್ರೆಗಳಿವೆ. ಚಿಕಿತ್ಸೆಗೆ ಮುಂಚೆ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ, ಸ್ತನ, ಗರ್ಭಕೋಶಗಳ ತಪಾಸಣೆಯಾಗಬೇಕು. ತಾಯಿ, ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಹೇಳಬೇಕು. ಶುರುವಾದ ಮೇಲೆ ವರ್ಷಕ್ಕೊಮ್ಮೆಯಾದರೂ ಮುಂದುವರಿಸಬೇಕೇ ಎಂದು ಮತ್ತೆ ವಿಚಾರಮಾಡಬೇಕು. ಬೇಡವೆಂದವರಿಗೂ ನಡಿಗೆ, ರಾಗಿ, ಹಾಲು, ಬಿಸಿಲು, ಮೂಳೆಯ ಪರೀಕ್ಷೆಗಳ ಅಗತ್ಯ ಹಾಗೆಯೇ ಇರುತ್ತದೆ. ತೆಗೆದುಕೊಂಡವಳು ಶ್ರದ್ಧೆ ಕಳೆದುಕೊಂಡವಳಲ್ಲ, ಬಿಟ್ಟವಳು ತಿಳಿವಳಿಕೆ ಇಲ್ಲದವಳೂ ಅಲ್ಲ. ಇಬ್ಬರಲ್ಲೂ ನೋಡಬೇಕಾದದ್ದು, ಪೂರ್ತಿ ತಿಳಿದು ತಾನೇ ಆರಿಸಿಕೊಂಡಳೇ ಎಂಬುದನ್ನು.